ಜಗಲಿಯಿಂದ ಅಡಿಗೆಮನೆಗೆ ಮಾತು ಸಾಗಿಸುವ ಕೆಲಸದಿಂದ ಬಿಡುಗಡೆ ಕೋರಿ

ಸ್ಥಳ: ಜಯಪುರ, ಕೊಪ್ಪ ತಾಲ್ಲೂಕು
ದಿನಾಂಕ: 26-05-2024, ಭಾನುವಾರ

ಇಂದ,
ಚೇತನಾ, ತಂದೆ ವೆಂಕಟಯ್ಯ, ಬಿ.ಎ., 23 ವರ್ಷ,
ಮಾತು ಸಾಗಿಸುವವಳು (ಹಂಗಾಮಿ, ಸಂಬಳರಹಿತ, ಒಂಬತ್ತು ವರ್ಷಗಳ ಸೇವೆ),
ಜನತಾ ಮನೆ, ಜಯಪುರ.

ಗೆ,
(1) ಶ್ರೀಮತಿ ಭೈರಮ್ಮನವರು, ನನ್ನ ಅಜ್ಜಿ, ಜಗಲಿ ವಿಭಾಗ.
(2) ಶ್ರೀಮತಿ ಕುಸುಮಾರವರು, ನನ್ನ ಅಮ್ಮ, ಅಡಿಗೆಮನೆ ವಿಭಾಗ.
(ಹೆಸರುಗಳನ್ನು ವಯಸ್ಸಿನ ಪ್ರಕಾರ ಬರೆಯಲಾಗಿದೆ. ಮೇಲು ಕೆಳಗು ಎಂದು ತಿಳಿದು ಇದರ ಮೇಲೆ ಹೊಸ ಜಗಳ ತೆಗೆಯಬಾರದಾಗಿ ಮೊದಲಿಗೇ ಕೋರಿದೆ.)

ವಿಷಯ: ತಮ್ಮಿಬ್ಬರ ನಡುವೆ ಮಾತು ಸಾಗಿಸುವ ಕೆಲಸದಿಂದ ನನ್ನನ್ನು ಬಿಡುಗಡೆ ಮಾಡುವ ಬಗ್ಗೆ.

ಉಲ್ಲೇಖ:
1) ಮೊಟ್ಟೆ ಪ್ರಕರಣ, ಮಾರ್ಚ್ 2015.
2) ಸಾರಿನ ಪ್ರಕರಣ, ದಿನಾಂಕ 22-05-2024, ಬುಧವಾರ ಸಂಜೆ.
3) ಮುತ್ತಿನಕೊಪ್ಪದ ಶಾಲೆಯೊಂದರಿಂದ ನನಗೆ ಬಂದ ಪತ್ರ. ಇದನ್ನು ತಾವಿಬ್ಬರೂ ನೋಡಿಲ್ಲ. ಕಾರಣ, ನಾನು ತೋರಿಸಿಲ್ಲ.

ಮಾನ್ಯ ಅಜ್ಜಿಯವರೇ ಹಾಗೂ ಮಾನ್ಯ ಅಮ್ಮನವರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಅರ್ಜಿದಾರಳಾದ ನಾನು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

1. ಹಿನ್ನೆಲೆ ತಮಗೆ ಗೊತ್ತಿರುವುದೇ. ಆದರೂ ಕಡತ ಪೂರ್ತಿಯಾಗಿರಲೆಂದು ಬರೆಯುತ್ತಿದ್ದೇನೆ. 2015ರ ಮಾರ್ಚ್ ತಿಂಗಳಲ್ಲಿ ಅಜ್ಜಿಯವರು ಕೆಂಪು ಕೋಳಿಯನ್ನು ಹನ್ನೊಂದು ಮೊಟ್ಟೆಗಳ ಮೇಲೆ ಕಾವಿಗೆ ಕೂರಿಸಿದ್ದರು. ನಾಲ್ಕನೆಯ ದಿನ ಮೇಗುಂದದಿಂದ ಅಜ್ಜಿಯವರ ಖಾಸಾ ತಮ್ಮ ಧರ್ಮಪ್ಪಜ್ಜ ಹೇಳದೆ ಕೇಳದೆ ಊಟದ ಹೊತ್ತಿಗೆ ಬಂದರು. ಮನೆಯಲ್ಲಿ ತಿಳಿಸಾರು ಬಿಟ್ಟರೆ ಏನೂ ಇರಲಿಲ್ಲ. ಅಮ್ಮನವರು ಬುಟ್ಟಿಯಿಂದ ಮೂರು ಮೊಟ್ಟೆ ತೆಗೆದು ಆಮ್ಲೆಟ್ ಮಾಡಿ ಬಡಿಸಿದರು. ಧರ್ಮಪ್ಪಜ್ಜ ತಿಂದು, ಇಂಥ ಆಮ್ಲೆಟ್ಟು ಇಡೀ ಮೇಗುಂದದಲ್ಲಿ ಸಿಗುವುದಿಲ್ಲವೆಂದು ಹೇಳಿ, ಇನ್ನೊಂದು ಕೇಳಿದರು.

ಆ ಬುಟ್ಟಿ ಯಾವುದು ಎಂಬುದೇ ವಿವಾದ. ಕಾವಿನ ಬುಟ್ಟಿ ಎಂದು ಅಜ್ಜಿಯವರ ವಾದ. ಅದರ ಪಕ್ಕದ ಬುಟ್ಟಿ ಎಂದು ಅಮ್ಮನವರ ವಾದ. ಕೋಳಿಯ ಹೇಳಿಕೆ ಪಡೆಯಲಾಗಿಲ್ಲ. ಧರ್ಮಪ್ಪಜ್ಜ ಬಸ್ಸು ಹತ್ತಿದ ಮೇಲೆ, "ನನ್ನ ತಮ್ಮಂಗೆ ನನ್ನ ಮರಿಗಳನ್ನೇ ಬಡಿಸಿದೆಯಲ್ಲೇ, ಇನ್ನು ನಿನ್ನ ಹತ್ರ ಮಾತಿಲ್ಲ" ಎಂದು ಅಜ್ಜಿಯವರು ಹೇಳಿದರು. ಅಮ್ಮನವರು "ಸರಿ" ಎಂದರು. ತಾವಿಬ್ಬರೂ ಒಬ್ಬರಿಗೊಬ್ಬರು ನೇರವಾಗಿ ಆಡಿದ ಕಡೆಯ ಮಾತು ಇದೇ ಎಂದು ದಾಖಲೆಯಿಂದ ತಿಳಿದುಬರುತ್ತದೆ.

ಆ ಸಂಜೆ ಅಜ್ಜಿಯವರು ಜಗಲಿಯಲ್ಲಿ ಕುಳಿತು, "ಹೇಳೇ ನಿಮ್ಮಮ್ಮಂಗೆ, ನಂಗೆ ಬಿಸಿನೀರು ಬೇಕು ಅಂತ" ಎಂದರು. ಅಮ್ಮನವರು ಒಳಗಿಂದ "ಕಾದಿದೆ ಅಂತ ಹೇಳು" ಎಂದರು. ಒಂಬತ್ತನೇ ಕ್ಲಾಸಿನ ಗಣಿತ ಮಾಡುತ್ತ ನಡುವೆ ಕುಳಿತಿದ್ದ ನನಗೆ ಇದೇ ನೇಮಕಾತಿ ಆದೇಶ. ಮೊದಲ ದಿನ ಇಬ್ಬರ ದನಿಯೂ ಇಬ್ಬರಿಗೂ ಚೆನ್ನಾಗಿ ಕೇಳಿಸುತ್ತಿತ್ತು. ಮರುದಿನದಿಂದ ಇಬ್ಬರೂ ದನಿ ತಗ್ಗಿಸಿದರು. ಕಾರಣ, ಕೇಳಿಸಿಬಿಟ್ಟರೆ ಮಾತಾಡಿದ ಹಾಗಾಗುತ್ತದೆ.

2. ಸೇವಾ ವಿವರ. ಜಗಲಿಯಿಂದ ಅಡಿಗೆಮನೆಗೆ ಹದಿನಾಲ್ಕು ಹೆಜ್ಜೆ. ದಿನಕ್ಕೆ ಸರಾಸರಿ ಮೂವತ್ತು ಸಲ. ಹಬ್ಬದ ದಿನ ಲೆಕ್ಕ ಇಟ್ಟಿಲ್ಲ. ಶೃಂಗೇರಿಗೆ ಹೋದಾಗ ದೇವಸ್ಥಾನದ ಊಟದ ಪಂಕ್ತಿಯಲ್ಲೂ ನನ್ನನ್ನು ಇಬ್ಬರ ನಡುವೆ ಕೂರಿಸಿ, "ಇನ್ನೊಂಚೂರು ಪಾಯಸ ಹಾಕಿಸ್ಕಳಕ್ಕೆ ಹೇಳು" ಎಂಬಷ್ಟು ಮಾತಿಗೂ ಬಳಸಿಕೊಳ್ಳಲಾಗಿದೆ. ನನ್ನ ಪಾಯಸ ಆರಿತು. ಈ ಕೆಲಸದಲ್ಲಿ ಶ್ರೀ ವೆಂಕಟಯ್ಯನವರು, ಅಂದರೆ ನನ್ನ ಅಪ್ಪ, ನೆರವಾಗಬಹುದಿತ್ತು. ಆದರೆ ಅವರು ಮರ ಹತ್ತುವ ಕೆಲಸದವರು. ಮನೆಯಲ್ಲಿ ದನಿ ಏರಿದರೆ ಹತ್ತಿರದ ಯಾವುದಾದರೂ ಮರ ಹತ್ತುತ್ತಾರೆ. ಭಾನುವಾರವೂ ಹತ್ತುತ್ತಾರೆ.

ಇಲ್ಲಿ ಒಂದು ತಪ್ಪೊಪ್ಪಿಗೆ ಅಗತ್ಯವಿದೆ. ನನ್ನನ್ನು ಬೆಳೆಸಿದ್ದು ಅಜ್ಜಿಯವರ ಕತೆಗಳು. ಆ ಕತೆಗಳಲ್ಲಿ ಏಳು ಸಮುದ್ರ, ಕೀಳು ಸಮುದ್ರ ದಾಟಿ ರಾಜಕುಮಾರಿಯ ಮಾತು ಒಯ್ಯುವ ಗಿಣಿ ಬರುತ್ತದೆ. ರಾಜಕುಮಾರಿ "ಬಾ" ಎಂದಷ್ಟೇ ಹೇಳಿ ಕಳಿಸಿದರೆ, ಗಿಣಿ ಹೋಗಿ, ಅವಳು ಊಟ ಬಿಟ್ಟಿದ್ದಾಳೆ, ತಲೆ ಬಾಚಿಲ್ಲ, ಮಲ್ಲಿಗೆ ಬಳ್ಳಿ ಒಣಗಿದೆ ಎಂದೆಲ್ಲ ಸೇರಿಸಿ ಹೇಳುತ್ತದೆ. ರಾಜಕುಮಾರ ಕುದುರೆ ಹತ್ತುವುದು ಆ ಸೇರಿಸಿದ ಮಾತಿಗೆ. ಆ ಗಿಣಿ ಆಮೇಲೆ ಎಲ್ಲಿ ಹೋಯಿತೆಂದು ನಾನು ಕೇಳಿದರೆ, ಅದರ ಕತೆ ಬೇರೆ ಇದೆ, ಮಲಗು ಎಂದು ಅಜ್ಜಿಯವರು ಹೇಳುತ್ತಿದ್ದರು. ಅಡಿಗೆಮನೆ ನನಗೆ ಸಮುದ್ರದ ಆಚೆಯ ರಾಜ್ಯದ ಹಾಗೇ ಕಾಣುತ್ತಿತ್ತು. ಹೀಗಾಗಿ ನಾನು ಯಾವ ಮಾತನ್ನೂ ಇದ್ದ ಹಾಗೆ ಒಯ್ದಿಲ್ಲ. ಮಾದರಿಗೆ ಎರಡು:

ಅಜ್ಜಿಯವರು ಹೇಳಿದ್ದು: "ಆ ಸೀರೆ ಉಟ್ಕಂಡು ರಸ್ತೆಗೆ ಹೋದ್ರೆ ದನ ಬೆದರ್ತಾವೆ ಅಂತ ಹೇಳು."
ಅಮ್ಮನವರಿಗೆ ತಲುಪಿದ್ದು: "ಸೀರೆ ಚಂದ ಇದೆಯಂತೆ. ದೂರದಿಂದಲೇ ಎದ್ದು ಕಾಣ್ತದಂತೆ."

ಅಮ್ಮನವರು ಹೇಳಿದ್ದು: "ಆ ಗೊರಕೆಗೆ ಒಂದಿನ ಹೆಂಚು ಹಾರಿಹೋಗ್ತದೆ, ಮಗ್ಗುಲು ಬದಲಾಯಿಸಕ್ಕೆ ಹೇಳು."
ಅಜ್ಜಿಯವರಿಗೆ ತಲುಪಿದ್ದು: "ನಿಂಗೆ ನಿದ್ದೆ ಸರಿ ಬರ್ತದಾ ಅಂತ ಅಮ್ಮ ವಿಚಾರಿಸಿದ್ರು."

ಇಂಥವು ಸಾವಿರಾರು. ಜಗಳವಾಗದಿರಲೆಂದು ಹೀಗೆ ಮಾಡಿದೆ ಎಂದು ನಾನು ನಂಬಿದ್ದೆ. ಈಗ ನೋಡಿದರೆ ಮಾತು ಬಿಟ್ಟಿರುವುದನ್ನು ತಮಗೆ ಹಿತವಾಗುವಂತೆ ಮಾಡಿಕೊಟ್ಟವಳೇ ನಾನು. ಇಷ್ಟು ಚೆನ್ನಾಗಿ ಮಾತಾಡುವ ಅತ್ತೆ, ಇಷ್ಟು ವಿಚಾರಿಸುವ ಸೊಸೆ ಇದ್ದ ಮೇಲೆ ಎದುರು ಬದುರು ನಿಂತು ರಾಜಿಯಾಗುವ ತುರ್ತು ಯಾರಿಗಿತ್ತು? ಅದೂ ಅಲ್ಲದೆ, ನನಗೂ ಈ ಕೆಲಸದಲ್ಲಿ ಒಂದು ಗತ್ತಿತ್ತು ಎಂಬುದನ್ನು ಮುಚ್ಚಿಡಲಾರೆ.

3. ತರಬೇತಿ. ಏಪ್ರಿಲ್‌ನಲ್ಲಿ ನಾನು ಗೆಳತಿಯ ಮನೆಗೆಂದು ಹೇಳಿ ಹೋದದ್ದು ಮುತ್ತಿನಕೊಪ್ಪದ ಒಂದು ಸಣ್ಣ ಶಾಲೆಗೆ. ಅಲ್ಲಿ ಆಫೀಸಿನಲ್ಲಿ ಕುಳಿತು, ಫೋನ್ ತೆಗೆದುಕೊಂಡು, ಮಕ್ಕಳ ತಂದೆ ತಾಯಿಯರ ಜೊತೆ ಮಾತಾಡುವ ಕೆಲಸ. ಸಂದರ್ಶನದಲ್ಲಿ ನಿಮಗೆ ಜನರ ಜೊತೆ ಮಾತಾಡಿ ಅಭ್ಯಾಸವಿದೆಯೇ ಎಂದು ಕೇಳಿದರು. ಒಂಬತ್ತು ವರ್ಷದ ಅನುಭವ ಎಂದೆ. ಯಾವ ಸಂಸ್ಥೆ ಎಂದರು. ಬಿ.ಎ. ಅಂಕಪಟ್ಟಿ ಮುಂದಿಟ್ಟೆ. ಅವರು, ಕೆಲಸ ಕೊಡುತ್ತೇವೆ, ಆದರೆ ಕೊಪ್ಪದಲ್ಲಿ ಮೂರು ದಿನದ ಸಂವಹನ ತರಬೇತಿ ಇದೆ, ಅದನ್ನು ಮುಗಿಸಿ ಪ್ರಮಾಣಪತ್ರ ತನ್ನಿ ಎಂದರು. ಕಳೆದ ಸೋಮವಾರದಿಂದ ಬುಧವಾರದವರೆಗೆ ನಾನು "ಕಂಪ್ಯೂಟರ್ ಕ್ಲಾಸು" ಎಂದು ಹೇಳಿ ಹೋಗುತ್ತಿದ್ದದ್ದು ಅಲ್ಲಿಗೆ.

ತರಬೇತಿ ಕೊಟ್ಟವರು ಶಿವಮೊಗ್ಗದಿಂದ ಬಂದ ದೀಪಶ್ರೀ ಮೇಡಂ. ಮೊದಲ ದಿನ ಹನ್ನೆರಡು ಜನರನ್ನು ಸಾಲಾಗಿ ನಿಲ್ಲಿಸಿ, ಮೊದಲಿನವರ ಕಿವಿಯಲ್ಲಿ ಒಂದು ಮಾತು ಹೇಳಿ ಕಡೆಯವರೆಗೆ ಸಾಗಿಸಲು ಹೇಳಿದರು. "ನಾಳೆ ಹತ್ತು ಗಂಟೆಗೆ ಸಭೆ ಇದೆ, ಎಲ್ಲರೂ ಬರಬೇಕು" ಎಂಬುದು ಮಾತು. ನಾನು ಆರನೆಯವಳು. ಬರೀ ಸಭೆ ಎಂದರೆ ಯಾರು ಬರುತ್ತಾರೆ ಎಂದು ಕನಿಕರವಾಗಿ, ಕೋಳಿ ಊಟ ಇದೆ ಎಂದು ಸೇರಿಸಿದೆ. ಅಲ್ಲಿಂದ ಮುಂದೆ ಮಾತು ಬಹಳ ವೇಗವಾಗಿ ಸಾಗಿತು. ಮರುದಿನ ನಾಲ್ಕು ಜನ ಬುತ್ತಿ ತರದೆ ಬಂದಿದ್ದರು. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, "ನೋಡಮ್ಮ, ನಡುವೆ ನಿಲ್ಲಬೇಡ. ನಿಲ್ಲಲೇಬೇಕಾಗಿ ಬಂದ್ರೆ ಅವರು ಹೇಳಿದ್ದನ್ನ ಹೇಳಿದ ಹಾಗೇ ತಲುಪಿಸು. ನಿನ್ನ ಮಾತು ಬೇರೆ ಇದ್ರೆ ಅದನ್ನ ನಿನ್ನ ಮಾತು ಅಂತಾನೇ ಹೇಳು" ಎಂದರು.

ಮೇಡಂ ಹೇಳಿದ್ದರಲ್ಲಿ ಮೊದಲ ಮತ್ತು ಕಡೆಯ ವಾಕ್ಯ ನನಗೆ ಕಷ್ಟ ಎನಿಸಿತು. ಆದ್ದರಿಂದ ನಡುವಿನದನ್ನು ಮಾತ್ರ ಜಾರಿಗೆ ತಂದೆ. ಇದೇ ನನ್ನಿಂದಾದ ಪ್ರಮಾದ.

4. ಸಾರಿನ ಪ್ರಕರಣ. ಬುಧವಾರ ಸಂಜೆ ಪ್ರಮಾಣಪತ್ರ ಚೀಲದಲ್ಲಿಟ್ಟುಕೊಂಡು ಬಂದೆ. ಅಜ್ಜಿಯವರು ಊಟಕ್ಕೆ ಕುಳಿತಿದ್ದರು. ಒಂದು ತುತ್ತು ತಿಂದು, "ಹೇಳು ನಿಮ್ಮಮ್ಮಂಗೆ, ಈ ಸಾರಿಗಿಂತ ಪಾತ್ರೆ ತೊಳೆದ ನೀರು ವಾಸಿ ಅಂತ" ಎಂದರು. ಎಂದಿನಂತೆ ಆಗಿದ್ದರೆ, ಅಜ್ಜಿಗೆ ನಾಲಿಗೆ ರುಚಿ ಕೆಟ್ಟಿದೆಯಂತೆ, ಒಂಚೂರು ಉಪ್ಪಿನಕಾಯಿ ಬೇಕಂತೆ ಎಂದು ತಲುಪಿಸುತ್ತಿದ್ದೆ. ಅಂದು ಹೋಗಿ, ತರಬೇತಿಯಲ್ಲಿ ಕಲಿಸಿದಂತೆ ನೆಟ್ಟಗೆ ನಿಂತು, ಅಮ್ಮನವರ ಕಣ್ಣಲ್ಲಿ ಕಣ್ಣಿಟ್ಟು, ಅಕ್ಷರ ಬಿಡದೆ ಹೇಳಿದೆ.

ಅಮ್ಮನವರ ಕೈಯ ಸೌಟು ನಿಂತಿತು. ಹಾಗಂದರಾ ಎಂದು ಎರಡು ಸಲ ಕೇಳಿದರು. ಆಮೇಲೆ, "ಎರಡು ಹಲ್ಲಿಟ್ಕಂಡು ಇಷ್ಟಾದ್ರೂ ಇಳೀತಲ್ಲ, ಅದಕ್ಕೆ ಖುಷಿ ಪಡಕ್ಕೆ ಹೇಳು" ಎಂದರು. ಅದನ್ನೂ ಇದ್ದ ಹಾಗೇ ಒಯ್ದೆ. ಅಜ್ಜಿಯವರು ಬಾಯೊಳಗೆ ನಾಲಿಗೆ ಆಡಿಸಿ ಎಣಿಸಿ, "ಮೂರಿದಾವೆ ಅಂತ ಹೇಳು" ಎಂದರು.

ಮುಂದಿನ ಅರ್ಧ ಗಂಟೆಯಲ್ಲಿ ನಾನು ಹತ್ತೊಂಬತ್ತು ಸಲ ಓಡಾಡಿದೆ. ಸಾರಿನಿಂದ ಸೀರೆಗೆ, ಸೀರೆಯಿಂದ ಗೊರಕೆಗೆ, ಗೊರಕೆಯಿಂದ ಮೊಟ್ಟೆಗೆ ಹೋಯಿತು. ಅಪ್ಪ ಹಿತ್ತಲಿನ ಹಲಸಿನ ಮರ ಹತ್ತಿದರು. ಇಬ್ಬರೂ ಮೊದಮೊದಲು ಒಬ್ಬರನ್ನೊಬ್ಬರು ಬೈದರು. ಆಮೇಲೆ ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು. ಹಾಗಾದರೆ ಸೀರೆ ಚಂದ ಎಂದದ್ದು ಯಾರು ಎಂದು ಒಬ್ಬರು. ನಿದ್ದೆ ವಿಚಾರಿಸಿದ್ದು ಯಾರು ಎಂದು ಇನ್ನೊಬ್ಬರು. ಪ್ರತಿಯೊಂದಕ್ಕೂ ನಾನು ಎಂದೆ.

ಕಡೆಗೆ ಅಮ್ಮನವರು ಸೌಟು ಕೆಳಗಿಟ್ಟು, ಮೆಲ್ಲಗೆ, "ಆಸ್ಪತ್ರೇಲಿ ಹೇಳಿದ್ದು?" ಎಂದು ಕೇಳಿದರು.

ಅದೂ ನಾನೇ ಎಂದೆ. ಅಮ್ಮನವರು ದೀಪ ಆರಿಸಿ ಮಲಗಿದರು. ಗಂಟೆ ಏಳೂಮುಕ್ಕಾಲು.

5. ಆಸ್ಪತ್ರೆಯ ಬಗ್ಗೆ ನಾನು ಅಂದು ಹೇಳಿದ್ದು ಅರ್ಧ. ಉಳಿದರ್ಧವನ್ನು ಈ ಮೂಲಕ ದಾಖಲಿಸುತ್ತಿದ್ದೇನೆ. ಎರಡು ವರ್ಷದ ಹಿಂದೆ ಅಮ್ಮನವರಿಗೆ ಕೊಪ್ಪದಲ್ಲಿ ಆಪರೇಷನ್ ಆಯಿತು. ಮಾರನೆಯ ದಿನ ನಾನು ಹೋಗಿ, "ನೀನಿಲ್ದೆ ಮನೆ ಮನೆ ಥರ ಇಲ್ಲ, ಬೇಗ ಹುಷಾರಾಗಿ ಬಾ ಅಂದ್ರು ಅಜ್ಜಿ" ಎಂದೆ. ಅಮ್ಮನವರು ಗೋಡೆ ಕಡೆ ತಿರುಗಿ ಮಲಗಿದರು. ಹೆಗಲು ಅಲುಗುತ್ತಿತ್ತು. ಆ ವಾಕ್ಯ ನನ್ನದು. ಅಜ್ಜಿಯವರು ಅಂದು ಬೆಳಿಗ್ಗೆ ಅಂಥದ್ದೇನೂ ಹೇಳಿರಲಿಲ್ಲ. ನಾನು ಏಳುವ ಮೊದಲೇ ಒಲೆ ಹಚ್ಚಿ ಕುಚ್ಚಲಕ್ಕಿ ಗಂಜಿ ಮಾಡಿ, ಫ್ಲಾಸ್ಕಿಗೆ ಹಾಕಿ, ಫ್ಲಾಸ್ಕಿನ ಮುಚ್ಚಳ ಸಡಿಲವೆಂದು ತಮ್ಮ ಹಳೇ ಸೀರೆಯ ಅಂಚು ಹರಿದು ಅದರ ಬಾಯಿಗೆ ಸುತ್ತಿ, ಮಂಡಿನೋವಿನ ಕಾಲಲ್ಲಿ ಬಸ್ ಸ್ಟ್ಯಾಂಡಿನವರೆಗೆ ಬಂದು, ನಾನು ಸೀಟಿನಲ್ಲಿ ಕುಳಿತ ಮೇಲೆ ಕಿಟಕಿಯಿಂದ ಕೊಟ್ಟರು. "ಬಿಸಿ ಇರೋವಾಗ್ಲೇ ಕುಡಿಸು" ಎಂದಷ್ಟೇ ಹೇಳಿದರು. ಇಷ್ಟು ಕಡಿಮೆ ಮಾತನ್ನು ಹೇಗೆ ಒಯ್ಯುವುದೆಂದು ತಿಳಿಯದೆ ನಾನು ಮೇಲಿನ ವಾಕ್ಯ ಮಾಡಿದೆ. ನಾನು ಲೋಟಕ್ಕೆ ಬಗ್ಗಿಸಿ ಕೊಟ್ಟ ಗಂಜಿಯನ್ನು ಆಸ್ಪತ್ರೆಯ ಕ್ಯಾಂಟೀನಿನದು ಎಂದುಕೊಂಡು ಅಮ್ಮನವರು ಕುಡಿದರು. ನಾನು ತಿದ್ದಲಿಲ್ಲ. ನನ್ನ ವಾಕ್ಯವೇ ಸಾಕು ಎಂಬ ಹೆಮ್ಮೆಯಲ್ಲಿದ್ದೆ.

ವಾಕ್ಯವನ್ನು ಕಡತದಿಂದ ತೆಗೆದುಹಾಕಬಹುದು. ಗಂಜಿಗೆ ನನ್ನಿಂದ ಯಾವುದೇ ತಿದ್ದುಪಡಿ ಆಗಿರುವುದಿಲ್ಲ.

6. ಸಾರಿನ ಬಗ್ಗೆಯೂ ಒಂದು ಸ್ಪಷ್ಟೀಕರಣ. ಅಜ್ಜಿಯವರಿಗೆ ಜನವರಿಯಿಂದ ಬಿಪಿ ಇದೆ. ದಿನಾ ಬೆಳಿಗ್ಗೆ ನುಂಗುತ್ತಿರುವುದು ಶಕ್ತಿಯ ಮಾತ್ರೆ ಅಲ್ಲ. ಉಪ್ಪು ಅರ್ಧಕ್ಕೆ ಇಳಿಸಬೇಕೆಂದು ಡಾಕ್ಟರು ಹೇಳಿದ ದಿನ ಅಮ್ಮನವರು ನನ್ನನ್ನು ಹಿತ್ತಲಿಗೆ ಕರೆದು, "ಬಿಪಿ ಅಂದ್ರೆ ಹೆದರ್ಕಂಡು ಊಟ ಬಿಡ್ತಾರೆ. ಸಾರು ಮಾಡಕ್ಕೆ ಬರಲ್ಲ ಅಂತ ನನ್ನೇ ಬೈಕಂಡು ಉಣ್ಲಿ ಬಿಡು" ಎಂದರು. ಅಂದಿನಿಂದ ಮನೆಯವರೆಲ್ಲರೂ ಸಪ್ಪೆ ಸಾರೇ ಉಣ್ಣುತ್ತಿದ್ದೇವೆ. ಅಮ್ಮನವರು ಸಹ. ಬುಧವಾರ ಅಷ್ಟೆಲ್ಲ ಮಾತು ಬಂದರೂ ಇದೊಂದನ್ನು ಅವರು ಹೇಳಿ ಕಳಿಸಲಿಲ್ಲ.

7. ಸದ್ಯದ ಸ್ಥಿತಿ. ಗುರುವಾರದಿಂದ ನನ್ನ ಮೂಲಕ ಒಂದೇ ಒಂದು ಮಾತೂ ಸಾಗಿಲ್ಲ. ಅಜ್ಜಿಯವರು ಅವಲಕ್ಕಿ ಮೊಸರು ತಿಂದು ಕುಳಿತಿದ್ದಾರೆ. ಅಮ್ಮನವರು ಮಾಡಿದ ಅಡಿಗೆಯಲ್ಲಿ ಅರ್ಧ ಕೋಳಿಗೆ ಹೋಗುತ್ತಿದೆ. ನನ್ನ ಜಾಗಕ್ಕೆ ಬೆಕ್ಕನ್ನು ನೇಮಿಸಿಕೊಂಡಿರುವುದು ಕೂಡ ಗಮನಕ್ಕೆ ಬಂದಿದೆ. ಶುಕ್ರವಾರ ಅಮ್ಮನವರು ಎಸ್ಟೇಟಿನ ಕೆಲಸ ಮುಗಿಸಿ ಬರುವುದು ತಡವಾದಾಗ ಅಜ್ಜಿಯವರು ಬೆಕ್ಕಿಗೆ, ಕತ್ತಲಾದರೂ ಇನ್ನೂ ಬರಲಿಲ್ಲ, ಬ್ಯಾಟರಿಯೂ ಒಯ್ದಿಲ್ಲ ಎಂದು ಹೇಳುತ್ತಿದ್ದರು. ನಿನ್ನೆ ಬೆಳಿಗ್ಗೆ ಅಮ್ಮನವರು ಅದೇ ಬೆಕ್ಕಿಗೆ, ಬರೀ ಅವಲಕ್ಕಿ ತಿಂದರೆ ಮಾತ್ರೆ ಹೊಟ್ಟೆಯಲ್ಲಿ ಉರಿಯುವುದಿಲ್ಲವೇ ಎಂದು ಕೇಳಿದರು. ಬೆಕ್ಕು ಎರಡೂ ಮಾತನ್ನು ಕೇಳಿಸಿಕೊಂಡು, ಯಾವುದನ್ನೂ ಎಲ್ಲಿಗೂ ತಲುಪಿಸದೆ, ಅಕ್ಕಿ ಮೂಟೆಯ ಮೇಲೆ ಮಲಗಿತು. ನನಗಿಂತ ಒಳ್ಳೆಯ ಕೆಲಸಗಾರ್ತಿಯೆಂದು ನನ್ನ ಅಭಿಪ್ರಾಯ.

8. ಇನ್ನು ನನ್ನ ಸ್ವಂತ ಮಾತು. ನಾಳೆ, ಅಂದರೆ ಸೋಮವಾರ, ನಾನು ಕೆಲಸಕ್ಕೆ ಸೇರಬೇಕು. ಜಯಪುರದಿಂದ ಕೊಪ್ಪ, ಅಲ್ಲಿಂದ ಎನ್.ಆರ್.ಪುರ, ಅಲ್ಲಿಂದ ಮುತ್ತಿನಕೊಪ್ಪ. ದಿನಾ ಓಡಾಡಲು ಆಗುವುದಿಲ್ಲ. ಅಲ್ಲೇ ಇಬ್ಬರು ಟೀಚರುಗಳ ಜೊತೆ ರೂಮು ಮಾಡಿದ್ದೇನೆ. ಶನಿವಾರ ಮಧ್ಯಾಹ್ನ ಬರುತ್ತೇನೆ.

ಇದನ್ನು ಮೂರು ಸಲ ಹೇಳಲು ಹೊರಟಿದ್ದೆ. ಮೊದಲ ಸಲ ಅಜ್ಜಿಯವರ ಎದುರು ಕುಳಿತು ಬಾಯಿ ತೆರೆದಾಗ, "ಎಂತ ಅಂತಾಳೆ ನಿಮ್ಮಮ್ಮ?" ಎಂದರು. ಎರಡನೆಯ ಸಲ ಅಮ್ಮನವರ ಹತ್ತಿರ ಹೋದಾಗ, "ಏನಂತೆ ಅವರದ್ದು?" ಎಂದರು. ಮೂರನೆಯ ಸಲ ಕನ್ನಡಿಯ ಎದುರು ನಿಂತು ಹೇಳಿದೆ. ಕನ್ನಡಿ ಒಪ್ಪಿತು. ನನ್ನ ಬಾಯಿಂದ ಬರುವುದೆಲ್ಲ ಇನ್ನೊಬ್ಬರ ಮಾತೇ ಎಂದು ತಾವು ತಿಳಿದಿರುವುದರಲ್ಲಿ ತಮ್ಮ ತಪ್ಪೇನಿಲ್ಲ. ನನಗೂ ಹಾಗೇ ಆಗಿಹೋಗಿದೆ. ನನಗೆ ಹೋಗಲು ಭಯವಿದೆ. ತಮ್ಮಿಬ್ಬರನ್ನು ಈ ಮೌನದಲ್ಲಿ ಬಿಟ್ಟು ಹೋಗಲು ಅದಕ್ಕಿಂತ ಹೆಚ್ಚು ಭಯವಿದೆ. ಆದರೂ ಹೋಗಬೇಕೆನ್ನಿಸುತ್ತಿದೆ. ಈ ಮೂರೂ ವಾಕ್ಯ ನನ್ನವು. ಸೇರಿಸಿದ್ದಿಲ್ಲ, ತೆಗೆದದ್ದಿಲ್ಲ.

ಆದ್ದರಿಂದ ಮಾನ್ಯರಾದ ತಾವು ಮೇಲ್ಕಂಡ ಕಾರಣಗಳನ್ನು ಪರಿಶೀಲಿಸಿ,

ಅ) ನನ್ನನ್ನು ಇಂದಿನಿಂದಲೇ ಸದರಿ ಕೆಲಸದಿಂದ ಬಿಡುಗಡೆ ಮಾಡಬೇಕಾಗಿಯೂ,
ಆ) ತೆರವಾಗುವ ಜಾಗಕ್ಕೆ ಅಪ್ಪ, ಬೆಕ್ಕು, ಪಕ್ಕದ ಮನೆಯ ವೆಂಕಮ್ಮ ಅಥವಾ ಮೊಬೈಲ್ ಫೋನನ್ನು ನೇಮಿಸಬಾರದಾಗಿಯೂ,
ಇ) ಮೊಟ್ಟೆ ಪ್ರಕರಣದಲ್ಲಿ ಯಾವುದಾದರೂ ಒಂದು ಬುಟ್ಟಿಯನ್ನು ಇಬ್ಬರೂ ಕುಳಿತು ಬೈದಾಡಿಯಾದರೂ ತೀರ್ಮಾನಿಸಬೇಕಾಗಿಯೂ ಕೋರುತ್ತೇನೆ.

ಮುತ್ತಿನಕೊಪ್ಪಕ್ಕೆ ಹೋಗುವ ವಿಷಯ ಮಂಜೂರಾತಿಗಾಗಿ ಅಲ್ಲ, ಮಾಹಿತಿಗಾಗಿ. 

ಇಬ್ಬರಿಗೂ ಸಮನಾಗಿ ವಿಶ್ವಾಸಿ,
(ಸಹಿ) ಚೇತನಾ

ಅಡಕಗಳು:
1) ಶಾಲೆಯಿಂದ ಬಂದ ಪತ್ರ.
2) ಸಂವಹನ ತರಬೇತಿಯ ಪ್ರಮಾಣಪತ್ರ. "ಉತ್ತಮ" ಎಂದಿದೆ. ಮೇಡಂ ಒಳ್ಳೆಯವರು.
3) ಬಿ.ಪಿ. ಚೀಟಿಯ ಜೆರಾಕ್ಸ್.
4) ಫ್ಲಾಸ್ಕಿನ ಬಾಯಿಗೆ ಸುತ್ತಿದ್ದ ಸೀರೆಯ ಅಂಚು. ಒಗೆದು ಇಟ್ಟಿದ್ದೆ.

ವಿಶೇಷ ಸೂಚನೆ: ಅಮ್ಮ, ಇಷ್ಟೊತ್ತೂ ನೀನು ಒಲೆಯ ಹತ್ತಿರ ಒಬ್ಬಳೇ ನಿಂತು ಮನಸ್ಸಿನಲ್ಲೇ ಓದಿರುತ್ತೀಯ. ಈ ಅರ್ಜಿಗೆ ಇರುವುದು ಇದೊಂದೇ ಪ್ರತಿ, ವಿಳಾಸದಲ್ಲಿರುವುದು ಇಬ್ಬರು, ಅದರಲ್ಲಿ ಅಜ್ಜಿಗೆ ಓದಲು ಬರುವುದಿಲ್ಲ. ಅಪ್ಪನ ಓದು ಬಸ್ಸಿನ ಬೋರ್ಡಿನವರೆಗೆ, ಅದೂ ಬಸ್ಸಿನ ಬಣ್ಣ ನೋಡಿ. ವೆಂಕಮ್ಮನ ಕೈಗೆ ಕೊಟ್ಟರೆ ಸಂಜೆಯೊಳಗೆ ಜಯಪುರ ಪೇಟೆಯ ಪ್ರತಿ ಅಂಗಡಿಯಲ್ಲೂ ನಮ್ಮ ಸಾರಿನ ಮಾತೇ. ನೀನು ಏಳನೇ ಕ್ಲಾಸು ಪಾಸಾದವಳು. ನಾನು ಹಾಸಿಗೆ, ಬಕೆಟ್ಟು ತರಲು ಕೊಪ್ಪಕ್ಕೆ ಹೋಗುತ್ತಿದ್ದೇನೆ, ಐದೂವರೆ ಬಸ್ಸಿಗೆ ಬರುತ್ತೇನೆ. ಅಷ್ಟರಲ್ಲಿ ನೀನು ಜಗಲಿಗೆ ಹೋಗಿ, ಅಜ್ಜಿಯ ಬಲಗಿವಿಯ ಪಕ್ಕ ಕುಳಿತು, ಇದನ್ನು ಮೊದಲಿನಿಂದ ಗಟ್ಟಿಯಾಗಿ ಓದತಕ್ಕದ್ದು. ಐದನೆಯ ಅಂಶ ಬಂದಾಗ ಹಾರಿಸಬಾರದು. ಕೇಳುವವರು ನಡುನಡುವೆ ಹೂಂ ಅನ್ನಬೇಕು, ಇಲ್ಲದಿದ್ದರೆ ಕತೆ ಮುಂದೆ ಹೋಗುವುದಿಲ್ಲ ಎಂಬ ಕಾನೂನು ಮಾಡಿದ್ದು ಅಜ್ಜಿಯೇ. ಹೂಂ ಬರದಿದ್ದರೆ ನಿಲ್ಲಿಸಿ, ಕೇಳಿಸ್ತಾ ಅತ್ತೆ ಎಂದು ನೀನೇ ಕೇಳತಕ್ಕದ್ದು.

ಅದಕ್ಕೆ ಅವರು ಏನೆಂದರು ಎಂಬುದನ್ನು ನನಗೆ ತಿಳಿಸುವ ಅಗತ್ಯವಿರುವುದಿಲ್ಲ.